ರೋನ್ ಕಣಿವೆಯ ಗಾಳಿ, ನಮ್ಮ ಸಣ್ಣ ವಿಮಾನಗಳು

ಸಣ್ಣ ವಿಮಾನದಲ್ಲಿ ದೂರದ ಪ್ರಯಾಣ ಹೊರಡುವವರ ನಡುವೆ ಮೊದಲು ಚರ್ಚೆಯಾಗುವುದು ತೂಕ. ಪೈಪರ್ ವಾರಿಯರ್‌ಗಾಗಲಿ ಸೆಸ್ನಾ 172ಕ್ಕಾಗಲಿ ನಾಲ್ಕು ಆಸನಗಳಿವೆ. ಆದರೆ ನಾಲ್ವರು ದೊಡ್ಡವರು ಕುಳಿತು, ಅವರ ಸಾಮಾನನ್ನೂ ತುಂಬಿಸಿ, ಇಂಧನದ ಟ್ಯಾಂಕುಗಳನ್ನೂ ಪೂರ್ತಿ ತುಂಬಿಸಿದರೆ ಆ ವಿಮಾನ ತನಗೆ ಗೊತ್ತುಪಡಿಸಿರುವ ಗರಿಷ್ಠ ತೂಕವನ್ನು ಮೀರಿಬಿಡುತ್ತದೆ. ಜನ ಹೆಚ್ಚಾದರೆ ಇಂಧನ ಕಡಿಮೆ ಮಾಡಬೇಕು. ಇಂಧನ ಬೇಕೆಂದರೆ ಜನರನ್ನೋ ಚೀಲಗಳನ್ನೋ ಇಳಿಸಬೇಕು. ತೂಕ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ, ಏಕೆಂದರೆ ಹಿಂಭಾಗಕ್ಕೆ ಭಾರ ಸರಿದಷ್ಟೂ ವಿಮಾನದ ಸ್ಥಿರತೆ ಕುಗ್ಗುತ್ತದೆ. ಇಂಗ್ಲೆಂಡಿನ ಕೆಂಟ್ ಸೀಮೆಯ ನಮ್ಮ ಫ್ಲೈಯಿಂಗ್ ಕ್ಲಬ್ಬಿನವರು ಗುಂಪಾಗಿ ದಕ್ಷಿಣ ಫ್ರಾನ್ಸಿನ ಅವಿನ್ಯೋನ್‌ಗೆ ಹೋಗಿಬರುವ ಯೋಜನೆ ಹಾಕಿದಾಗ, ಕ್ಲಬ್ಬಿನ ಅಡುಗೆಮನೆಯಲ್ಲಿ ಒಂದು ತೂಕದ ಯಂತ್ರವನ್ನಿಟ್ಟು ಎಲ್ಲರೂ ತಮ್ಮ ತಮ್ಮ ಚೀಲದೊಂದಿಗೆ ಅದರ ಮೇಲೆ ನಿಂತೆವು. ವಿಮಾನವೊಂದಕ್ಕೆ ಇಬ್ಬರು ಅಥವಾ ಮೂವರು, ತಲೆಗೊಂದು ಮೆತ್ತನೆಯ ಚೀಲ, ಹಿಂದಿನ ಆಸನದಲ್ಲಿ ಕೈಗೆಟಕುವಂತೆ ರಬ್ಬರ್ ದೋಣಿ, ಇಷ್ಟಕ್ಕೆ ಲೆಕ್ಕ ಕೂಡಿಬಂದಿತು. ಒಬ್ಬರು ಹೋಗುವ ದಾರಿಯ ಒಂದು ಭಾಗವನ್ನು ಹಾರಿಸಿದರೆ ಮುಂದಿನ ಭಾಗವನ್ನು ಇನ್ನೊಬ್ಬರು ಹಾರಿಸುವುದು, ಖರ್ಚನ್ನು ಹಂಚಿಕೊಳ್ಳುವುದು ಎಂದು ಮಾತಾಯಿತು.

ಅದೇ ಸಂಜೆ ಇನ್ನೊಂದು ನಿಯಮವೂ ಗೊತ್ತಾಯಿತು. ಈ ಬರಹ ಹುಟ್ಟಲು ಆ ನಿಯಮವೇ ಕಾರಣ. ಬಹಳ ವರ್ಷ ತರಬೇತುದಾರರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ನಕ್ಷೆಯನ್ನು ಬಿಚ್ಚುವ ಮೊದಲೇ ಹೇಳಿದರು: ಯಾವ ಬೆಳಗ್ಗೆಯಾದರೂ ಯಾವ ಪೈಲಟ್ ಆದರೂ "ಇವತ್ತು ನಾನು ಹಾರುವುದಿಲ್ಲ" ಎಂದರೆ ಅಲ್ಲಿಗೆ ಮಾತು ಮುಗಿಯಿತು. ಕಾರಣ ಹೇಳಬೇಕಾಗಿಲ್ಲ, ಯಾರೂ ಎರಡನೆಯ ಸಲ ಕೇಳಕೂಡದು, ಧೈರ್ಯ ತುಂಬಲು ಹೋಗಕೂಡದು. ಕಾನೂನಿನ ಪ್ರಕಾರ ಪ್ರತಿ ವಿಮಾನದ ಹೊಣೆ ಅದರ ಕಮಾಂಡರ್ ಆಗಿರುವ ಪೈಲಟ್‌ನದು ಮಾತ್ರ; ಗುಂಪಿಗೆ ನಾಯಕನಿರಬಹುದು, ಆದರೆ ಆ ನಾಯಕನ ತೀರ್ಮಾನ ಇನ್ನೊಬ್ಬರ ವಿಮಾನಕ್ಕೆ ಅನ್ವಯವಾಗುವುದಿಲ್ಲ. ಇದು ಪುಸ್ತಕದಲ್ಲಿ ಸ್ಪಷ್ಟವಾಗಿಯೇ ಇದೆ. ಕಷ್ಟ ಬರುವುದು ಬೆಳಗಿನ ಕಾಫಿಯ ಹೊತ್ತಿನಲ್ಲಿ. ಹೋಟೆಲಿಗೆ ಮುಂಗಡ ಕೊಟ್ಟಾಗಿರುತ್ತದೆ, ಮುಂದೆ ಹೋದವರು ಇಳಿದೆವೆಂದು ಸಂದೇಶ ಕಳಿಸಿರುತ್ತಾರೆ, ಪಕ್ಕದವರು ಎಂಜಿನ್ ಚಾಲೂ ಮಾಡುತ್ತಿರುತ್ತಾರೆ. ಮೋಡ ಇಳಿಯುತ್ತಿದ್ದರೂ ಗುರಿ ಮುಟ್ಟಲೇಬೇಕೆಂಬ ಹಟ ಎಷ್ಟೋ ಸಣ್ಣ ವಿಮಾನಗಳನ್ನು ಬೆಟ್ಟಕ್ಕೆ ಒಯ್ದಿದೆ. ಗುಂಪಿನಲ್ಲಿ ಆ ಹಟಕ್ಕೆ ಸಂಕೋಚವೂ ಸೇರಿಕೊಳ್ಳುತ್ತದೆ. ಬೇಡವೆನ್ನುವ ಮೊದಲಿಗರಾಗಲು ಯಾರೂ ಬಯಸುವುದಿಲ್ಲ.

ಹೊರಡುವ ದಿನ ಆಕಾಶ ತಿಳಿಯಾಗಿತ್ತು. ಡೋವರ್‌ನ ಸುಣ್ಣದ ಬಂಡೆಗಳನ್ನು ದಾಟುವ ಮುನ್ನವೇ ಎಲ್ಲರೂ ಲೈಫ್ ಜಾಕೆಟ್ ತೊಟ್ಟಿದ್ದೆವು. ಒಂದೇ ಎಂಜಿನ್ ಇರುವ ವಿಮಾನದಲ್ಲಿ ಸಮುದ್ರ ದಾಟುವಾಗ ಎತ್ತರವೇ ಆಸ್ತಿ: ಎಂಜಿನ್ ನಿಂತರೆ ಇಂಥ ವಿಮಾನ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿಯಷ್ಟು (ಸುಮಾರು 2.8 ಕಿಲೋಮೀಟರ್) ತೇಲಿಕೊಂಡು ಹೋಗಬಲ್ಲದು. ಇಂಗ್ಲಿಷ್ ಕಾಲುವೆಯ ಅತ್ಯಂತ ಕಿರಿದಾದ ಭಾಗ ಸುಮಾರು 33 ಕಿಲೋಮೀಟರ್. 5,000 ಅಡಿಯಲ್ಲಿ ಹಾರಿದರೆ ನಟ್ಟನಡುವೆ ಒಂದೆರಡು ನಿಮಿಷ ಮಾತ್ರ ಎರಡು ದಡಗಳೂ ಎಟುಕದಷ್ಟು ದೂರವಿರುತ್ತವೆ. ಕೆಳಗೆ ಹಡಗುಗಳು ಎರಡು ಸಾಲಾಗಿ, ಒಂದು ಸಾಲು ಹೋಗುತ್ತ ಇನ್ನೊಂದು ಬರುತ್ತ, ಹೆದ್ದಾರಿಯ ಶಿಸ್ತಿನಲ್ಲಿ ಸಾಗುತ್ತಿದ್ದವು. 1909ರ ಜುಲೈ 25ರಂದು ಫ್ರೆಂಚ್ ವೈಮಾನಿಕ ಲೂಯಿ ಬ್ಲೇರಿಯೋ ಕಲೇ ಕಡೆಯಿಂದ ಹೊರಟು ಇದೇ ನೀರನ್ನು ಸುಮಾರು 37 ನಿಮಿಷದಲ್ಲಿ ದಾಟಿ ಡೋವರ್ ಕೋಟೆಯ ಬಳಿ ಇಳಿದರು. ಅವರ ಬಳಿ ದಿಕ್ಸೂಚಿಯೂ ಇರಲಿಲ್ಲ. ಸ್ವಲ್ಪ ಹೊತ್ತು ಯಾವ ದಡವೂ ಕಾಣದೆ, ಬರಿಯ ಅಂದಾಜಿನ ಮೇಲೆ ಹಾರಿದವರು ಅವರು.

ಫ್ರಾನ್ಸಿನ ತೀರ ಸಿಕ್ಕಮೇಲೆ ಎಡಕ್ಕೆ ನೆಲ, ಬಲಕ್ಕೆ ಕಡಲು ಇಟ್ಟುಕೊಂಡು ಬುಲೋನ್ ಬಂದರನ್ನು ದಾಟಿ ದಕ್ಷಿಣಕ್ಕೆ ಹೋದರೆ ಆರ್ದೆಲೋ ಎಂಬ ಕಡಲತೀರದ ಊರು ಕಾಣುತ್ತದೆ. ಪೈನ್ ಮರಗಳ ನಡುವೆ ಕೆಂಪು ಹೆಂಚಿನ ಮನೆಗಳು, ಅದರಾಚೆ ಅಗಲವಾದ ಮರಳು. ಬ್ಲೇರಿಯೋ ಅವರಿಗೆ ಅಲ್ಲಿ ಮನೆಯಿತ್ತು. ಜೆ.ಆರ್.ಡಿ. ಟಾಟಾ ಅವರ ಕುಟುಂಬವೂ ಬೇಸಿಗೆಯಲ್ಲಿ ಅಲ್ಲಿಗೆ ಬರುತ್ತಿತ್ತು. ಅವರ ತಾಯಿ ಫ್ರೆಂಚ್ ಮಹಿಳೆ. ಆ ಮರಳಿನ ಮೇಲೆ ಇಳಿದೇರುತ್ತಿದ್ದ ವಿಮಾನಗಳನ್ನು ಕಂಡೇ ಹುಡುಗ ಜೆ.ಆರ್.ಡಿ.ಗೆ ಹಾರಾಟದ ಹುಚ್ಚು ಹಿಡಿದದ್ದು, ಮೊದಲ ಸಲ ವಿಮಾನ ಹತ್ತಿದ್ದೂ ಅಲ್ಲಿಯೇ. 1932ರ ಅಕ್ಟೋಬರ್ 15ರಂದು ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದಾಗ, ಅಲ್ಲಿಂದ ಆ ಚೀಲಗಳನ್ನು ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು. ನಡುವೆ ಅವರು ಇಳಿದದ್ದು ಬಳ್ಳಾರಿಯಲ್ಲಿ. ನಾನು ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವರಲ್ಲಿ ಒಬ್ಬ. ನಮ್ಮೂರಿನ ಬಯಲಿಗೆ ವಿಮಾನದಂಚೆ ಬಂದ ಕತೆಯನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೆ. ಆ ಕತೆಯ ಒಂದು ತುದಿ ಈ ಫ್ರೆಂಚ್ ಮರಳಿನಲ್ಲಿದೆ ಎಂಬುದನ್ನು ಮೇಲಿನಿಂದ ನೋಡುತ್ತ ನೆನೆದಾಗ ನನಗೆ ಆದ ಸಂತೋಷವನ್ನು ಪಕ್ಕದಲ್ಲಿ ಕುಳಿತಿದ್ದವರಿಗೆ ವಿವರಿಸಲು ಸಮಯವಿರಲಿಲ್ಲ. ಲೆ ತೂಕೆ ವಿಮಾನ ನಿಲ್ದಾಣ ಎದುರಿಗೇ ಇತ್ತು.

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟಮೇಲೆ ಅಲ್ಲಿಂದ ಬರುವ ಸಣ್ಣ ವಿಮಾನಗಳು ಕಸ್ಟಮ್ಸ್ ಮತ್ತು ಪಾಸ್‌ಪೋರ್ಟ್ ತಪಾಸಣೆ ಇರುವ ನಿಲ್ದಾಣದಲ್ಲೇ ಮೊದಲು ಇಳಿಯಬೇಕು, ಮುಂಚಿತವಾಗಿ ತಿಳಿಸಿರಬೇಕು. ಗಡಿ ದಾಟಲು ಫ್ಲೈಟ್ ಪ್ಲಾನ್ (ದಾರಿ, ಸಮಯಗಳನ್ನು ಅಧಿಕಾರಿಗಳಿಗೆ ಮೊದಲೇ ತಿಳಿಸುವ ಪತ್ರ) ಕಡ್ಡಾಯ. ಈ ಕಾಗದಪತ್ರದ ಕೆಲಸ ಮುಗಿದಮೇಲೆ ನಮ್ಮೆದುರು ಇಡೀ ಫ್ರಾನ್ಸ್ ಇತ್ತು. ಪ್ಯಾರಿಸ್ ನಗರದ ಮೇಲೆ ನಮ್ಮಂಥವರಿಗೆ ಪ್ರವೇಶವಿಲ್ಲವಾದ್ದರಿಂದ ಪೂರ್ವಕ್ಕೆ ಸರಿದು, 1909ರ ಆಗಸ್ಟ್‌ನಲ್ಲಿ ಜಗತ್ತಿನ ಮೊದಲ ದೊಡ್ಡ ವಿಮಾನಮೇಳ ನಡೆದ ರೀಮ್ಸ್ ಬಯಲನ್ನು ಬದಿಗಿಟ್ಟು, ಬರ್ಗಂಡಿಯ ದಾರಿ ಹಿಡಿದೆವು. ಮೇಲಿನಿಂದ ನೋಡಿದರೆ ಉತ್ತರ ಫ್ರಾನ್ಸ್ ಕೊನೆಯಿಲ್ಲದ ಗೋಧಿಹೊಲ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಎಂಜಿನ್ನಿನ ಸದ್ದು ಒಂದೇ ಸಮನೆ ಇರುತ್ತದೆ, ಸುಮಾರು ನೂರು ನಾಟ್ (ಗಂಟೆಗೆ 185 ಕಿಲೋಮೀಟರ್) ವೇಗದಲ್ಲಿ ಹೊಲಗಳು ಸರಿಯುತ್ತವೆ.

ಇಂಧನಕ್ಕಾಗಿ ಇಳಿದ ದಿಜೋನ್ ಬಳಿಯ ದಾರ್ವಾ ಮೈದಾನದ ಬಗ್ಗೆ ಮಾತ್ರ ಬರೆಯಲೇಬೇಕು. ರೋಬಿನ್ ಡಿಆರ್400 ವಿಮಾನದ ತವರು ಅದು. 1972ರಲ್ಲಿ ಮೊದಲು ಹಾರಿದ ಈ ವಿಮಾನದ ಮೈ ಮರ ಮತ್ತು ಬಟ್ಟೆಯದು, ರೆಕ್ಕೆಯ ತುದಿಭಾಗ ಮೇಲಕ್ಕೆ ಬಾಗಿರುತ್ತದೆ. ಫ್ರಾನ್ಸಿನ ಹಳ್ಳಿಹಳ್ಳಿಯ ಏರೋಕ್ಲಬ್ಬುಗಳಲ್ಲಿ ಇದೇ ಕಾಣಸಿಗುತ್ತದೆ. 1936ರ ಪಾಪ್ಯುಲರ್ ಫ್ರಂಟ್ ಎಂಬ ಎಡಪಕ್ಷಗಳ ಮೈತ್ರಿ ಸರ್ಕಾರದ ವಾಯುಯಾನ ಮಂತ್ರಿ ಪಿಯೇರ್ ಕೋ ಅವರು ದುಡಿಯುವ ಮನೆಗಳ ಹುಡುಗರೂ ಹಾರಾಟ ಕಲಿಯಬೇಕೆಂದು ಜನಸಾಮಾನ್ಯರ ವಾಯುಯಾನದ ಯೋಜನೆಯೊಂದನ್ನು ಆರಂಭಿಸಿದ್ದರು. ಇಂದಿಗೂ ಅಲ್ಲಿನ ಕ್ಲಬ್ಬುಗಳಲ್ಲಿ ಬಡಗಿ, ದಾದಿ, ಅಂಚೆಯವರು ಪೈಲಟ್‌ಗಳಾಗಿರುವುದನ್ನು ಕಂಡಾಗ ಆ ಯೋಜನೆಯ ಬೇರು ಇನ್ನೂ ಒಣಗಿಲ್ಲ ಎಂದು ನನಗೆ ಅನಿಸುತ್ತದೆ. ಹಾರಾಟ ಹಣವಂತರದ್ದು ಮಾತ್ರ ಎಂದು ನಂಬಿ ಬೆಳೆದ ನನ್ನಂಥವರಿಗೆ ಇದು ಸಣ್ಣ ವಿಷಯವಲ್ಲ. ಕಂಟ್ರೋಲ್ ಟವರ್ ಇಲ್ಲದ ಎಷ್ಟೋ ಫ್ರೆಂಚ್ ಮೈದಾನಗಳಲ್ಲಿ ರೇಡಿಯೋ ಮಾತು ಫ್ರೆಂಚಿನಲ್ಲೇ ನಡೆಯಬೇಕೆಂಬ ನಿಯಮವಿದೆ. ಅದಕ್ಕಾಗಿ ನಾವೆಲ್ಲ ಚಳಿಗಾಲವಿಡೀ ಹತ್ತಾರು ವಾಕ್ಯಗಳನ್ನು ಬಾಯಿಪಾಠ ಮಾಡಿದ್ದೆವು.

ಆ ರಾತ್ರಿ ಸೋನ್ ನದಿಯ ದಡದ ಮಾಕೋನ್‌ನಲ್ಲಿ ಉಳಿದೆವು. ಮರುದಿನ ಬೆಳಗ್ಗೆ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ, ಸೊಲೂತ್ರೆ ಬಂಡೆಯ ಅಂಚು ಕತ್ತರಿಸಿಟ್ಟಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ವಿಮಾನಗಳ ಬೆಳಗಿನ ತಪಾಸಣೆ ಆರಂಭವಾಗಿತ್ತು. ರೆಕ್ಕೆಯ ಅಡಿಯಲ್ಲಿ ಬಗ್ಗಿ, ಟ್ಯಾಂಕಿನ ತಳದ ಪುಟ್ಟ ಕವಾಟವನ್ನು ಒತ್ತಿ, ಪಾರದರ್ಶಕ ಕೊಳವೆಗೆ ಸ್ವಲ್ಪ ಇಂಧನ ಇಳಿಸಿಕೊಂಡು ಬೆಳಕಿಗೆ ಹಿಡಿಯಬೇಕು. ನಮ್ಮ ವಿಮಾನಗಳ ಪೆಟ್ರೋಲಾದ ಏವ್‌ಗ್ಯಾಸ್ 100ಎಲ್‌ಎಲ್ ತಿಳಿನೀಲಿ ಬಣ್ಣದ್ದು. ರಾತ್ರಿ ತಂಪಿಗೆ ಟ್ಯಾಂಕಿನಲ್ಲಿ ನೀರು ಸೇರಿದ್ದರೆ, ಅದು ಇಂಧನಕ್ಕಿಂತ ಭಾರವಾದ್ದರಿಂದ, ಕೊಳವೆಯ ತಳದಲ್ಲಿ ಬಣ್ಣವಿಲ್ಲದ ಗುಂಡು ಹನಿಯಾಗಿ ಕುಳಿತಿರುತ್ತದೆ. ಕೊಳವೆಯನ್ನು ಅಲುಗಿಸಿದರೆ ಆ ಹನಿ ಜಾರುತ್ತದೆಯೇ ಹೊರತು ಬೆರೆಯುವುದಿಲ್ಲ. ಈ ಇಂಧನದಲ್ಲಿ ಇಂದಿಗೂ ಸೀಸ ಇದೆ. ಮೈದಾನದ ಸುತ್ತ ಮನೆ ಕಟ್ಟಿಕೊಂಡವರು ಸದ್ದಿನ ಬಗ್ಗೆ, ಸೀಸದ ಬಗ್ಗೆ ಕೇಳುವ ಪ್ರಶ್ನೆಗಳು ನ್ಯಾಯವಾದವು ಎಂದೇ ನಾನು ತಿಳಿದಿದ್ದೇನೆ. ಸೀಸವಿಲ್ಲದ ಇಂಧನ ಸಿಗುವ ಕಡೆ, ಎಂಜಿನ್‌ಗೆ ಒಪ್ಪಿಗೆ ಇದ್ದರೆ, ಅದನ್ನೇ ತುಂಬಿಸಿಕೊಳ್ಳುವುದು ನಮ್ಮ ಕರ್ತವ್ಯ.

ತಪಾಸಣೆ ಮುಗಿದಿತ್ತು, ಬಿಸಿಲು ಚೆನ್ನಾಗಿತ್ತು, ಆದರೆ ಅವಿನ್ಯೋನ್‌ನ ಹವಾಮಾನ ಮುನ್ಸೂಚನೆ ಬೇರೆಯೇ ಹೇಳುತ್ತಿತ್ತು: ಉತ್ತರದಿಂದ 30 ನಾಟ್ ಗಾಳಿ, ರಭಸದ ಬೀಸಿನಲ್ಲಿ 45 ನಾಟ್. ಅದು ಮಿಸ್ಟ್ರಾಲ್. ಪಶ್ಚಿಮದಲ್ಲಿ, ಬಿಸ್ಕೆ ಕೊಲ್ಲಿಯ ಕಡೆ, ವಾಯುಭಾರ ಹೆಚ್ಚಾಗಿ, ಇಟಲಿಯ ಜಿನೋವಾ ಕೊಲ್ಲಿಯ ಮೇಲೆ ಕಡಿಮೆಯಾದಾಗ ಉತ್ತರದ ತಣ್ಣನೆಯ ಗಾಳಿ ದಕ್ಷಿಣಕ್ಕೆ ನುಗ್ಗುತ್ತದೆ. ಒಂದು ಕಡೆ ಮಾಸಿಫ್ ಸಾಂತ್ರಾಲ್ ಪ್ರಸ್ಥಭೂಮಿ, ಇನ್ನೊಂದು ಕಡೆ ಆಲ್ಪ್ಸ್. ನಡುವೆ ಇರುವುದು ರೋನ್ ನದಿಯ ಕಣಿವೆ ಮಾತ್ರ. ಕಿರಿದಾದ ದಾರಿಯಲ್ಲಿ ಹೊಕ್ಕ ಗಾಳಿ ವೇಗ ಹೆಚ್ಚಿಸಿಕೊಳ್ಳುತ್ತ ಗಂಟೆಗೆ ನೂರು ಕಿಲೋಮೀಟರ್ ಮೀರಿ ಸಮುದ್ರಕ್ಕೆ ಇಳಿಯುತ್ತದೆ. ಜೊತೆಗೆ ಆಕಾಶವನ್ನು ಗುಡಿಸಿ ಸ್ವಚ್ಛ ಮಾಡಿಬಿಡುತ್ತದೆ. ಮೋಡ ನೋಡಿ ಹೆದರುವುದನ್ನು ಇಂಗ್ಲೆಂಡಿನಲ್ಲಿ ಕಲಿತವರಿಗೆ ಈ ನೀಲಿ ಆಕಾಶ ಮೋಸ ಮಾಡುವುದು ಸುಲಭ.

ಗುಂಪಿನಲ್ಲಿ ಅತ್ಯಂತ ಕಡಿಮೆ ಅನುಭವವಿದ್ದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಆ ದಿನದ ಹಾರಾಟ ಅವರ ಪಾಳಿಯದು. ಅವರು ಫೋನಿನ ಪರದೆಯನ್ನು ಎರಡು ಸಲ ಓದಿ, ಅದನ್ನು ಜೇಬಿಗಿಟ್ಟು, "ಇವತ್ತು ನಾನು ಹಾರುವುದಿಲ್ಲ" ಎಂದರು. ಕ್ಲಬ್ಬಿನ ಅಡುಗೆಮನೆಯಲ್ಲಿ ಒಪ್ಪಿಕೊಂಡಿದ್ದಂತೆ ಯಾರೂ ಏನೂ ಕೇಳಲಿಲ್ಲ. ವಾದಿಸಲು ಬೇಕಾದಷ್ಟು ಅಂಶಗಳಿದ್ದವು ಎಂಬುದನ್ನು ಇಲ್ಲಿ ಹೇಳಬೇಕು. ಅವಿನ್ಯೋನ್‌ನ ರನ್‌ವೇ 17/35 (ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ ಸಂಖ್ಯೆಗಳು), ಎಂದರೆ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಮಿಸ್ಟ್ರಾಲ್ ನೇರವಾಗಿ ಅದರ ಉದ್ದಕ್ಕೇ ಬೀಸುವುದರಿಂದ ಅಡ್ಡಗಾಳಿ ಹೆಚ್ಚಿರುವುದಿಲ್ಲ. ಹಿಂದಿನಿಂದ ಗಾಳಿ ತಳ್ಳುವುದರಿಂದ ದಾರಿಯೂ ಬೇಗ ಸಾಗುತ್ತಿತ್ತು. ಆದರೆ ಬೆಟ್ಟಗಳ ಮರೆಯಲ್ಲಿ ಗಾಳಿ ಸುಳಿಸುಳಿಯಾಗಿ ಮಗುಚುತ್ತದೆ, ಸಣ್ಣ ವಿಮಾನವನ್ನು ನೂರಾರು ಅಡಿ ಎತ್ತಿ ಇಳಿಸುತ್ತದೆ. ಇಳಿದಾದ ಮೇಲೂ ಅಪಾಯ ಮುಗಿಯುವುದಿಲ್ಲ, ರನ್‌ವೇ ಬಿಟ್ಟು ತಿರುಗುವಾಗ 40 ನಾಟ್ ಗಾಳಿ ರೆಕ್ಕೆಯಡಿ ಹೊಕ್ಕರೆ ಒಂದು ಟನ್ನಿನ ವಿಮಾನ ನೆಲದ ಮೇಲೇ ಉರುಳಬಹುದು. ಶಿಕ್ಷಕಿಯವರು ಮಾತಾಡಿ ಐದು ನಿಮಿಷವಾಗುವುದರಲ್ಲಿ ಸಾವಿರಾರು ಗಂಟೆ ಹಾರಾಟ ಮಾಡಿದ್ದ ಇನ್ನೊಬ್ಬರೂ ವಿಮಾನಕ್ಕೆ ಹಗ್ಗ ಕಟ್ಟಲು ಶುರುಮಾಡಿದರು. ನನ್ನ ಅಂದಾಜಿನಲ್ಲಿ ಅವರಿಗೂ ಬೇಡವೆನಿಸಿತ್ತು, ಆದರೆ ಅನುಭವಸ್ಥರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ. ಹೊಸಬರ ಬಾಯಿಂದ ಬಂದ "ಇಲ್ಲ" ಎಲ್ಲರ ಭಾರವನ್ನೂ ಇಳಿಸಿತು.

ಗಾಳಿ ಇಳಿಯುವವರೆಗೆ ಮಾಕೋನ್‌ನಲ್ಲೇ ಇದ್ದೆವು. ನದಿಯ ದಡದಲ್ಲಿ ನಡೆದಾಡಿದೆವು, ಮಾರುಕಟ್ಟೆಯಲ್ಲಿ ಆಡಿನ ಹಾಲಿನ ಚೀಸ್ ಕೊಂಡೆವು. ದಕ್ಷಿಣ ಫ್ರಾನ್ಸ್ ನೋಡಲು ಬಂದವರು ಅದರ ಹೊಸ್ತಿಲಲ್ಲೇ ಕುಳಿತೆವು ಎಂದು ಯಾರಿಗೂ ಬೇಸರವಾದಂತೆ ಕಾಣಲಿಲ್ಲ.

ಹಾರಿದ ದಿನ ಕಣಿವೆ ನಮಗೆ ತನ್ನನ್ನು ಪೂರ್ತಿಯಾಗಿ ತೋರಿಸಿತು. ಹತ್ತು ಹತ್ತು ನಿಮಿಷದ ಅಂತರದಲ್ಲಿ ಒಂದೊಂದೇ ವಿಮಾನ ಹೊರಟಿತು. ಒಟ್ಟಿಗೆ ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವುದಕ್ಕೆ ಬೇರೆಯದೇ ತರಬೇತಿ ಬೇಕು, ನಾವು ಆ ಸಾಹಸಕ್ಕೆ ಹೋಗುವವರಲ್ಲ. ಲಿಯೋನ್‌ನ ಕಂಟ್ರೋಲರ್ ತಾಳ್ಮೆಯಿಂದ ದಾರಿ ಬಿಡಿಸಿಕೊಟ್ಟರು. ಅಲ್ಲಿಂದ ಕೆಳಗೆ ನದಿ, ರೈಲು, ಹೆದ್ದಾರಿ ಮೂರೂ ಅಕ್ಕಪಕ್ಕದಲ್ಲೇ ಸಾಗುತ್ತವೆ. ಕ್ರುವಾಸ್ ಅಣುವಿದ್ಯುತ್ ಸ್ಥಾವರದ ಮೇಲೆ ಹಾರುವುದು ನಿಷಿದ್ಧ. ದೂರದಿಂದಲೇ ನೋಡಿದರೂ ಅದರ ತಂಪುಗೋಪುರವೊಂದರ ಮೇಲೆ ಬರೆದಿರುವ, ಶಂಖದಿಂದ ನೀರು ಸುರಿಯುವ ಮಗುವಿನ ದೈತ್ಯ ಚಿತ್ರ ಗುರುತು ಸಿಗುತ್ತದೆ.

ವಾಲಾನ್ಸ್ ದಾಟಿದ ಮೇಲೆ ನನಗೆ ಅತ್ಯಂತ ಇಷ್ಟವಾದ ದೃಶ್ಯ ಆರಂಭವಾಯಿತು. ಹೊಲಗಳ ಉತ್ತರದ ಅಂಚಿಗೆ ಸೈಪ್ರೆಸ್ ಮರಗಳ ಕಡುಹಸಿರು ಗೋಡೆಗಳು, ಎಲ್ಲವೂ ಪೂರ್ವ-ಪಶ್ಚಿಮವಾಗಿ, ಮೈಲಿಗಟ್ಟಲೆ. ಹಳೆಯ ತೋಟದ ಮನೆಗಳೆಲ್ಲ ದಕ್ಷಿಣಕ್ಕೆ ಮುಖಮಾಡಿ, ಉತ್ತರಕ್ಕೆ ಕಿಟಕಿಯಿಲ್ಲದ ಬೆನ್ನು ತಿರುಗಿಸಿ ಕೂತಿವೆ. ಚರ್ಚುಗಳ ಗಂಟೆಗೋಪುರದ ಮೇಲೆ ಗಾಳಿ ತೂರಿಹೋಗುವಂತೆ ಬರಿಯ ಕಬ್ಬಿಣದ ಪಂಜರ. ನಾವು ಬಳಸುವ ರನ್‌ವೇಗಳೂ ಅದೇ ಸಾಲಿನವು: ವಾಲಾನ್ಸ್‌ನದು 01/19, ಅವಿನ್ಯೋನ್‌ನದು 17/35, ಎರಡೂ ಕಣಿವೆಯ ಉದ್ದಕ್ಕೆ. ಪೈರನೀಸ್ ಕಡೆಯ ಪೆರ್ಪಿನ್ಯಾನ್‌ಗೆ ಹೋದರೆ ವಾಯವ್ಯದಿಂದ ಬರುವ ತ್ರಾಮೊಂತಾನ್ ಗಾಳಿಗೆ ತಕ್ಕಂತೆ 15/33. ಕಾರ್ಕಸೋನ್‌ನಲ್ಲಿ ಪಶ್ಚಿಮದ ಗಾಳಿ ಮತ್ತು ಕಡಲ ಗಾಳಿಗೆ ಹೊಂದುವಂತೆ ಪೂರ್ವ-ಪಶ್ಚಿಮ. ರೈತರು, ಮನೆ ಕಟ್ಟಿದ ಕಲ್ಲುಕುಟಿಗರು, ಚರ್ಚಿನ ಕಮ್ಮಾರರು, ಕೊನೆಗೆ ವಿಮಾನ ನಿಲ್ದಾಣದ ಎಂಜಿನಿಯರುಗಳು, ಎಲ್ಲರೂ ಒಂದೇ ಗಾಳಿಗೆ ಒಂದೇ ಉತ್ತರ ಕೊಟ್ಟಿದ್ದಾರೆ. ರಸ್ತೆಯಲ್ಲಿ ಹೋಗುವವರಿಗೆ ಇದು ಬಿಡಿಬಿಡಿಯಾಗಿ ಕಾಣಬಹುದು. 3,000 ಅಡಿಯಿಂದ ನೋಡಿದಾಗ ಸೀಮೆಗೆ ಸೀಮೆಯೇ ಒಂದು ದಿಕ್ಕಿಗೆ ಬಾಗಿ ನಿಂತದ್ದು ಕಾಣುತ್ತದೆ. ಎಡಗಡೆ 1,900 ಮೀಟರಿಗೂ ಎತ್ತರದ ವಾಂತೂ ಪರ್ವತ ತನ್ನ ಬಿಳಿ ಸುಣ್ಣಕಲ್ಲಿನ ನೆತ್ತಿಯೊಂದಿಗೆ ಬಹಳ ಹೊತ್ತು ಜೊತೆಗಿತ್ತು.

ಒಳನಾಡಿನ ಇಂಥ ಹಾರಾಟಕ್ಕೆ ಫ್ಲೈಟ್ ಪ್ಲಾನ್ ಕಡ್ಡಾಯವಲ್ಲ. ಹಾಗಾಗಿ ಇಳಿದವರು ಸಂದೇಶ ಕಳಿಸುವುದು, ಮೊದಲು ಮುಟ್ಟಿದವರು ಉಳಿದವರ ಲೆಕ್ಕ ಇಡುವುದು ಎಂದು ನಾವೇ ಗೊತ್ತುಮಾಡಿಕೊಂಡಿದ್ದೆವು. ಅವಿನ್ಯೋನ್‌ನ ಸುಡುವ ಕಾಂಕ್ರೀಟಿನ ಮೇಲೆ ನಿಂತು ಲೆಕ್ಕ ಹಾಕಿದಾಗ ಒಂದು ವಿಮಾನ ಬಂದಿರಲಿಲ್ಲ. ಅರ್ಧ ಗಂಟೆ ತಡವಾಗುವುದು ದೊಡ್ಡದಲ್ಲ ಎಂದು ಎಲ್ಲರಿಗೂ ತಿಳಿದಿತ್ತು, ಆದರೂ ಯಾರೂ ನೆರಳಿಗೆ ಹೋಗಲಿಲ್ಲ. ಕೊನೆಗೆ ಫೋನು ಬಂತು: ಪ್ರಯಾಣಿಕರೊಬ್ಬರಿಗೆ ಹೊಟ್ಟೆ ತೊಳಸಿದ್ದರಿಂದ ಮೊಂತೆಲಿಮಾರ್‌ನಲ್ಲಿ ಇಳಿದು ನೀರು ಕುಡಿಸಿ ಮಲಗಿಸಿದ್ದಾರೆ, ಸುಧಾರಿಸಿದ ಮೇಲೆ ಬರುತ್ತಾರೆ. ಸಂಜೆಯ ಹೊತ್ತಿಗೆ ಬಂದರು. ಗುಂಪಾಗಿ ಹೋಗುವುದರ ನಿಜವಾದ ಬೆಲೆ ನನಗೆ ಗೊತ್ತಾದದ್ದು ಆ ಕಾಯುವಿಕೆಯಲ್ಲಿ. ಗಾಳಿಯಲ್ಲಿರುವಾಗ ಪ್ರತಿಯೊಬ್ಬರೂ ಒಂಟಿ, ಆದರೆ ನೆಲದ ಮೇಲೆ ನಾವು ಬಂದೆವೋ ಎಂದು ಎಣಿಸುವವರಿದ್ದಾರೆ ಎಂಬ ಅರಿವೇ ನಡುದಾರಿಯಲ್ಲಿ ಇಳಿದುಬಿಡುವ ಧೈರ್ಯ ಕೊಡುತ್ತದೆ.

ಅವಿನ್ಯೋನ್‌ನಲ್ಲಿ ಇದ್ದಷ್ಟು ದಿನ ಸುತ್ತಮುತ್ತ ಹಾರಿದೆವು. ರೋಮನ್ನರ ಕಾಲದ, ಸುಮಾರು 49 ಮೀಟರ್ ಎತ್ತರದ ಪೋನ್ ದ್ಯು ಗಾರ್ ಮೇಲ್ಗಾಲುವೆ ಮೇಲಿನಿಂದ ನೋಡಿದಾಗ ತೆಳ್ಳಗೆ ಕಾಣುತ್ತದೆ, ಅದರ ಘನತೆ ನೆಲದಿಂದ ನೋಡಿದರೇ ಚೆಂದ. ಕಮಾರ್ಗ್ ಮಾತ್ರ ಆಕಾಶದಿಂದಲೇ ನೋಡಬೇಕಾದ ನಾಡು. ರೋನ್ ನದಿ ಕವಲೊಡೆದು ಸಮುದ್ರ ಸೇರುವ ಆ ಜೌಗಿನಲ್ಲಿ ಭತ್ತದ ಗದ್ದೆಗಳಿವೆ, ಪಾಚಿಯಿಂದ ಗುಲಾಬಿ ಬಣ್ಣಕ್ಕೆ ತಿರುಗಿದ ಉಪ್ಪಿನ ಮಡಿಗಳಿವೆ, ರಾಜಹಂಸಗಳು ಮೊಟ್ಟೆಯಿಡುವ ಕೆರೆಗಳಿವೆ. ಹಕ್ಕಿಗಳು ಬೆದರಬಾರದೆಂದು ಅಲ್ಲಿ ಕನಿಷ್ಠ ಎತ್ತರದ ನಿಯಮವಿದೆ. ನಾವು ಅದಕ್ಕಿಂತ ಸಾಕಷ್ಟು ಮೇಲೆಯೇ ಇದ್ದೆವು.

ಇನ್ನೊಂದು ದಿನ ಕರಾವಳಿಯ ಕಡೆ ಹೋದಾಗ ಮಾರ್ಸೆಯ್ ಆಚೆ ರಿಯೂ ದ್ವೀಪದ ಬೋಳು ಬಿಳಿ ಬೆನ್ನು ಕಂಡಿತು. ಲೇಖಕರೂ ಪೈಲಟ್ಟೂ ಆಗಿದ್ದ ಆಂತ್ವಾನ್ ದ ಸಾಂತೆಕ್ಸುಪೆರಿ 1944ರ ಜುಲೈ 31ರಂದು ಕಾರ್ಸಿಕಾದಿಂದ ಲೈಟ್ನಿಂಗ್ ವಿಮಾನದಲ್ಲಿ ಒಬ್ಬರೇ ವಿಚಕ್ಷಣೆಗೆ ಹೊರಟವರು ಮರಳಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, 1998ರಲ್ಲಿ, ಈ ದ್ವೀಪದ ಬಳಿ ಮೀನುಗಾರರೊಬ್ಬರ ಬಲೆಗೆ ಅವರ ಹೆಸರಿದ್ದ ಬೆಳ್ಳಿಯ ಕೈಸರಪಳಿ ಸಿಕ್ಕಿತು. ವಿಮಾನದ ಅವಶೇಷ ಅವರದೇ ಎಂದು 2004ರಲ್ಲಿ ಖಚಿತವಾಯಿತು. ಒಂದು ವಿಮಾನ ಅರ್ಧ ಗಂಟೆ ತಡವಾದಾಗ ನಾವು ಪಟ್ಟ ಕಳವಳ ನೆನಪಾಗಿ, ಅಂದು ಕಾರ್ಸಿಕಾದ ನೆಲೆಯಲ್ಲಿ ಇಂಧನ ಮುಗಿಯುವ ಹೊತ್ತು ದಾಟಿದ ಮೇಲೂ ಕಾದವರ ಬಗ್ಗೆ ಬಹಳ ಹೊತ್ತು ಮಾತಾಡಿಕೊಂಡೆವು.

ಮರಳುವ ದಾರಿಯಲ್ಲಿ ಲೆ ತೂಕೆವರೆಗೆ ಹೇಳುವಂಥದ್ದೇನೂ ನಡೆಯಲಿಲ್ಲ. ಅಲ್ಲಿ ಕಾಲುವೆಯ ಮೇಲೆ ಮಂಜುಮೋಡ ತಗ್ಗಿ ಕುಳಿತಿತ್ತು. ಇಂಗ್ಲೆಂಡಿಗೆ ಹೊರಡುವ ಮುನ್ನ ಕಳಿಸಬೇಕಾದ ಗಡಿ ಇಲಾಖೆಯ ಮಾಹಿತಿ ಪತ್ರಗಳನ್ನು ಎಲ್ಲರೂ ಕಳಿಸಿಯಾಗಿತ್ತು, ಸೋಮವಾರ ಕೆಲಸಕ್ಕೆ ಹೋಗಬೇಕಾದವರೇ ಹೆಚ್ಚು. ಮೋಡದೊಳಗೆ ಉಪಕರಣಗಳನ್ನೇ ನಂಬಿ ಹಾರುವ ಅರ್ಹತೆ ಇದ್ದವರು ಹೊರಟರು. ಉಳಿದವರಲ್ಲಿ ನಾನೂ ಒಬ್ಬ. ಈ ಸಲ "ಇವತ್ತು ಬೇಡ" ಎಂದವನು ನಾನು. ಜೊತೆಗಿದ್ದ ಶಿಕ್ಷಕಿಯವರು ತಲೆಯಾಡಿಸಿ, ವಿಮಾನದ ಹೊದಿಕೆಯನ್ನು ಹೊರತೆಗೆದರು. ರೆಕ್ಕೆಗಳಿಗೆ ಹಗ್ಗ ಬಿಗಿದು, ಎತಾಪ್ಲ್ ನಿಲ್ದಾಣದಿಂದ ರೈಲಿನಲ್ಲಿ ಕಲೇಗೆ ಹೋಗಿ, ರಾತ್ರಿಯ ಹಡಗಿನಲ್ಲಿ ಕಾಲುವೆ ದಾಟಿದೆವು. ಮುಂದಿನ ವಾರಾಂತ್ಯ, ಮೋಡದಲ್ಲಿ ಹಾರಿ ಬಂದಿದ್ದ ಅದೇ ಗೆಳೆಯರು ತಮ್ಮ ವಿಮಾನದ ಹಿಂದಿನ ಆಸನದಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಲೆ ತೂಕೆಗೆ ಬಿಟ್ಟುಬಂದರು. ಆ ಹಾರಾಟದ ಖರ್ಚಿನ ಮಾತೆತ್ತಿದಾಗ, ಕಾದು ಕುಳಿತ ವಿಮಾನವನ್ನು ತರುವ ಖರ್ಚು ಇಡೀ ಗುಂಪಿನದು ಎಂದು ಮೊದಲೇ ಲೆಕ್ಕಕ್ಕೆ ಸೇರಿಸಿದ್ದೇವೆ ಎಂದರು.